ದಲ್ಲಾಳಿ ಹೋದರೂ ದಲ್ಲಾಳಿಯ ಕೆಲಸ ಉಳಿಯುತ್ತದೆ

ಮಾಘ ಕಳೆದು ಫಾಲ್ಗುಣ ಬಂತೆಂದರೆ ಕರ್ನಾಟಕದ ಸಂತೆಗಳ ಬಣ್ಣವೇ ಬೇರೆ. ಸೊಗಡವರೆಯ ಕಾಲ ಮುಗಿದಿರುತ್ತದೆ. ತುಮಕೂರಿನ ಮಾರುಕಟ್ಟೆಗೆ ಹೊಸ ಹುಣಸೆಹಣ್ಣು ಬರುತ್ತದೆ, ಬ್ಯಾಡಗಿಯಲ್ಲಿ ಕೆಂಪು ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟುತ್ತವೆ. ಸಾಗರ, ಶಿರಸಿ ಕಡೆ ಮಿಡಿಮಾವು ನೂರರ ಲೆಕ್ಕದಲ್ಲಿ ಮಾರಾಟಕ್ಕೆ ಕೂರುತ್ತದೆ. ಯುಗಾದಿ ದಾಟಿದ ಮೇಲೆ ಮೊದಲು ರಾಮನಗರದ ಮಾವು, ಅದರ ಹಿಂದೆಯೇ ಶ್ರೀನಿವಾಸಪುರದ್ದು. ವರ್ಷಕ್ಕಾಗುವಷ್ಟು ಹುಣಸೆ, ಮೆಣಸಿನಕಾಯಿ, ತೊಗರಿಬೇಳೆ ಕೂಡಿಟ್ಟುಕೊಳ್ಳುವ ಕಾಲವೂ ಇದೇ. ಹೀಗಾಗಿ ‘ರೈತರಿಂದ ನೇರವಾಗಿ ಗ್ರಾಹಕರಿಗೆ’ ಎಂಬ ಬ್ಯಾನರ್ ಕಟ್ಟಿದ ಸಂತೆಗಳು, ಮೇಳಗಳು ಪಟ್ಟಣಗಳಲ್ಲಿ ಹೆಚ್ಚಾಗಿ ಕಾಣುವುದು ಈ ದಿನಗಳಲ್ಲೇ.

ಅಲ್ಲಿಗೆ ಹೋಗಿ ಬಂದವರು ಒಂದು ಮಾತು ಕೇಳುತ್ತಾರೆ: ನಡುವೆ ದಲ್ಲಾಳಿ ಇಲ್ಲ ಅಂದಮೇಲೆ ಬೆಲೆ ಅರ್ಧಕ್ಕೆ ಇಳಿಯಬೇಕಿತ್ತಲ್ಲ? ಮಾರಲು ಬಂದ ರೈತರಿಗೆ ಇನ್ನೊಂದು ಪ್ರಶ್ನೆ: ಗ್ರಾಹಕರು ಕೊಟ್ಟ ದುಡ್ಡೆಲ್ಲ ನನ್ನ ಕೈಗೇ ಬಂದರೂ ಸಂಜೆಗೆ ಯಾಕೆ ಉಳಿಯುವುದಿಲ್ಲ? ಎರಡಕ್ಕೂ ಉತ್ತರ ಒಂದೇ. ದಲ್ಲಾಳಿಯನ್ನು ಸಂತೆಯಿಂದ ಹೊರಗಿಡಬಹುದು, ಅವನು ಮಾಡುತ್ತಿದ್ದ ಕೆಲಸವನ್ನು ಹೊರಗಿಡಲು ಬರುವುದಿಲ್ಲ. ಆ ಕೆಲಸ ಯಾರ ತಲೆಗೆ ಬೀಳುತ್ತದೆ, ಅದರ ಖರ್ಚು ಯಾರು ಹೊರುತ್ತಾರೆ ಎಂಬುದರ ಮೇಲೆ ರೈತ ಸಂತೆಯ ಅಳಿವು ಉಳಿವು ನಿಂತಿದೆ.

ನೂರು ರೂಪಾಯಿ ಹೋಗುವ ದಾರಿ

ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧಗಳು ಈ ವಿಷಯವನ್ನು ಅಂಕಿಗಳಲ್ಲಿ ಹೇಳಿವೆ. ಗ್ರಾಹಕ ಟೊಮೆಟೊಗೆ 100 ರೂಪಾಯಿ ಕೊಟ್ಟರೆ ಬೆಳೆದವನಿಗೆ ಸೇರುವುದು ಸುಮಾರು 33 ರೂಪಾಯಿ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಮಾವಿನಲ್ಲಿ ಸ್ವಲ್ಪ ವಾಸಿ, ಸುಮಾರು 43.

ಉಳಿದ ಅರವತ್ತು ಚಿಲ್ಲರೆ ರೂಪಾಯಿಯನ್ನು ಯಾರೋ ಒಬ್ಬರು ನುಂಗಿದರು ಎಂದುಕೊಳ್ಳುವುದು ಸುಲಭ. ಕೋಲಾರದ ಎಪಿಎಂಸಿಯಿಂದ ಹೊರಟ 15 ಕಿಲೋದ ಒಂದು ಟೊಮೆಟೊ ಬಾಕ್ಸಿನ ಹಿಂದೆ ನಡೆದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ತೋಟದಿಂದ ಮಂಡಿಗೆ ಬಾಡಿಗೆ, ಇಳಿಸಲು ಹಮಾಲಿ, ಹರಾಜು ಕೂಗಿದವರ ಕಮಿಷನ್, ಅಲ್ಲಿಂದ ನಗರಕ್ಕೆ ಲಾರಿ, ನಗರದ ಸಗಟು ವ್ಯಾಪಾರಿಯ ಪಾಲು, ತಳ್ಳುಗಾಡಿಯವರ ದಿನದ ದುಡಿಮೆ ಅಥವಾ ಅಂಗಡಿಯ ಬಾಡಿಗೆ. ಇದರ ಜೊತೆಗೆ ಕೊಳೆತು ಎಸೆದ ಮಾಲು. ತರಕಾರಿಯಲ್ಲಿ ಕಟಾವಿನ ನಂತರ ನಷ್ಟವಾಗುವುದು ನೂರಕ್ಕೆ ಸುಮಾರು 5ರಿಂದ 12, ಹಣ್ಣಿನಲ್ಲಿ 6ರಿಂದ 15 ಎಂಬ ಅಂದಾಜಿದೆ. ಎಸೆದ ಹಣ್ಣಿನ ಬೆಲೆಯನ್ನೂ ಮಾರಿದ ಹಣ್ಣಿನ ಮೇಲೆಯೇ ಹಾಕುತ್ತಾರೆ.

ಈ ದಾರಿಯಲ್ಲಿ ಅನ್ಯಾಯ ಇಲ್ಲವೆಂದಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ರೈತರಿಂದ ಕಮಿಷನ್ ಹಿಡಿಯಬಾರದೆಂಬ ನಿಯಮವಿದ್ದರೂ ಹಿಡಿಯುತ್ತಾರೆ ಎಂಬ ದೂರು ಹಳೆಯದು. ತೂಕದಲ್ಲಿ ‘ಸೂಟು’ ಎಂದು ಒಂದಷ್ಟು ಕಿಲೋ ಕಳೆಯುವ ರೂಢಿಯೂ ಹಾಗೆಯೇ. ಅದನ್ನೆಲ್ಲ ತಡೆದರೂ ಸಾಗಣೆ, ವಿಂಗಡಣೆ, ಕಾಯುವಿಕೆ, ಕೊಳೆಯುವಿಕೆ ಇದ್ದೇ ಇರುತ್ತವೆ.

ಒಂದು ಕೈಲೆಕ್ಕ

ಲೆಕ್ಕಕ್ಕೆಂದು ಒಬ್ಬ ರೈತ ಮಹಿಳೆಯ ಬಳಿ 60 ಕಿಲೋ ಹುರುಳಿಕಾಯಿ ಇದೆ ಎಂದು ಇಟ್ಟುಕೊಳ್ಳೋಣ. ಮಂಡಿಯಲ್ಲಿ ಕಿಲೋಗೆ 30 ರೂಪಾಯಿಯಂತೆ 1,800 ಸಿಗುತ್ತದೆ. ಅದರಲ್ಲಿ ಕಮಿಷನ್ ಎಂದು 180, ಟೆಂಪೋ ಪಾಲು 150 ಹೋದರೆ ಉಳಿಯುವುದು 1,470. ಬೆಳಿಗ್ಗೆ ಏಳಕ್ಕೆಲ್ಲ ಮನೆಗೆ ವಾಪಸ್.

ಅದೇ ಕಾಯನ್ನು ಆಕೆ ಪಟ್ಟಣದ ಸಂತೆಗೆ ಒಯ್ದು ಕಿಲೋಗೆ 45ರಂತೆ ಮಾರುತ್ತಾರೆ. 45 ಕಿಲೋ ಹೋಗುತ್ತದೆ, 2,025 ರೂಪಾಯಿ. ಬಾಡಿದ 15 ಕಿಲೋವನ್ನು ಸಂಜೆ 15ರಂತೆ ಕೊಟ್ಟರೆ 225. ಒಟ್ಟು 2,250. ಇದರಲ್ಲಿ ಬಾಡಿಗೆ 300, ಸಂತೆ ಸುಂಕ 50, ದಿನವಿಡೀ ಕೂತದ್ದಕ್ಕೆ ಒಂದು ದಿನದ ಕೂಲಿ 500 ಕಳೆದರೆ 1,400. ಮಂಡಿಗಿಂತ 70 ರೂಪಾಯಿ ಕಡಿಮೆಯೇ ಆಯಿತು! ಸಾಮಾನ್ಯವಾಗಿ ಆ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ನೇರ ಮಾರಾಟ ಲಾಭದಂತೆ ಕಾಣುತ್ತದೆ. ಆದರೆ ಆ ದಿನ ತೋಟದ ಕೆಲಸ ನಿಂತಿರುತ್ತದೆ.

ಈಗ ಒಂದೇ ಊರಿನ ಐದು ಮಂದಿ ಕೂಡಿ, ಒಬ್ಬೊಬ್ಬರು ಒಂದೊಂದು ತರಕಾರಿ ಹಾಕಿ, 500 ರೂಪಾಯಿಯ ಒಂದೇ ಟೆಂಪೋದಲ್ಲಿ ಬರಲಿ. ಮಾರಲು ಇಬ್ಬರು ಕೂತರೆ ಸಾಕು. ತಲಾ ಬಾಡಿಗೆ 100, ಕೂಲಿಯ ಪಾಲು 200, ಸುಂಕ 50. ಅದೇ 2,250ರಲ್ಲಿ 1,900 ರೂಪಾಯಿ ಉಳಿಯುತ್ತದೆ. ಐದು ತರಕಾರಿ ಒಂದೇ ಕಡೆ ಸಿಕ್ಕರೆ ಕೊಳ್ಳುವವರೂ ಅಲ್ಲೇ ನಿಲ್ಲುತ್ತಾರೆ, ಉಳಿಕೆಯೂ ತಗ್ಗುತ್ತದೆ. ದಲ್ಲಾಳಿ ಊರೂರಿನ ಮಾಲನ್ನು ಒಂದುಗೂಡಿಸಿ ಖರ್ಚು ಇಳಿಸುತ್ತಾನೆ. ಅದೇ ಕೆಲಸವನ್ನು ರೈತರೇ ಕೂಡಿ ಮಾಡಿದಾಗ ಮಾತ್ರ ನೇರ ಮಾರಾಟಕ್ಕೆ ಅರ್ಥ ಬರುತ್ತದೆ.

ನೆರೆಹೊರೆಯಲ್ಲಿ ನಡೆದದ್ದು

ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ ಶುರುವಾಯಿತು. 1999ರಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ‘ರೈತು ಬಜಾರ್’ ತೆರೆಯಿತು. ಅದೇ ವರ್ಷ ನವೆಂಬರಿನಲ್ಲಿ ಕರುಣಾನಿಧಿ ಸರ್ಕಾರದ ಮೊದಲ ‘ಉಳವರ್ ಸಂದೈ’ ಮದುರೆಯಲ್ಲಿ ಆರಂಭವಾಯಿತು. ಇವು ಬೇರೂರಿದ್ದು ದಲ್ಲಾಳಿಯ ಕೆಲಸಗಳಲ್ಲಿ ಕೆಲವನ್ನು ಸರ್ಕಾರವೇ ವಹಿಸಿಕೊಂಡಿದ್ದರಿಂದ. ಬೆಳೆಯುವವರನ್ನು ಗುರುತಿಸಿ ಕಾರ್ಡು ಕೊಟ್ಟರು. ನಸುಕಿನಲ್ಲಿ ಮೂಟೆ ಸಮೇತ ಬರಲು ಬಸ್ಸಿನ ವ್ಯವಸ್ಥೆ ಮಾಡಿದರು. ಸಗಟು ದರ ಮತ್ತು ಚಿಲ್ಲರೆ ದರಗಳ ನಡುವೆ ಒಂದು ಬೆಲೆ ನಿಗದಿ ಮಾಡಿ ಪ್ರತಿದಿನ ಬೋರ್ಡಿನಲ್ಲಿ ಬರೆದರು. ರೈತನಿಗೆ ಮಂಡಿಗಿಂತ ಹೆಚ್ಚು, ಗ್ರಾಹಕನಿಗೆ ಅಂಗಡಿಗಿಂತ ಕಡಿಮೆ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಭರವಸೆ ಕೊಡಲಿಲ್ಲ.

ಅಪಾಯವೂ ಅಲ್ಲೇ ಇತ್ತು. ತಮಿಳುನಾಡಿನಲ್ಲಿ 2001ರಲ್ಲಿ ಸರ್ಕಾರ ಬದಲಾದ ಮೇಲೆ ಹಲವು ಸಂದೈಗಳು ಸೊರಗಿ, 2006ರ ನಂತರ ಮತ್ತೆ ಚೇತರಿಸಿಕೊಂಡವು. ಬರೀ ಸರ್ಕಾರದ ಬೆನ್ನು ನಂಬಿದ ಸಂತೆ ಸರ್ಕಾರದ ಜೊತೆಗೇ ಏಳುತ್ತದೆ, ಬೀಳುತ್ತದೆ.

ಕರ್ನಾಟಕದಲ್ಲೂ ‘ರೈತ ಸಂತೆ’ ಹೆಸರಿನ ಪ್ರಯತ್ನಗಳು ನಡೆದವು, ಆದರೆ ನೆರೆರಾಜ್ಯಗಳಷ್ಟು ಹಬ್ಬಲಿಲ್ಲ. ನಮ್ಮಲ್ಲಿ ಬಹುಕಾಲ ಬಾಳಿದ್ದು ಬೇರೊಂದು ದಾರಿ. ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಮುಂದೆ ಹಾಪ್‌ಕಾಮ್ಸ್ ಆಯಿತು. ಅಲ್ಲಿ ರೈತ ಸ್ವತಃ ಬಂದು ಕೂರುವುದಿಲ್ಲ, ಸಂಘವೇ ಕೊಂಡು ಸಂಘವೇ ಮಾರುತ್ತದೆ. ಅಂದರೆ ದಲ್ಲಾಳಿಯ ಜಾಗದಲ್ಲಿ ರೈತರದೇ ಸಂಸ್ಥೆ. ಅದರ ಕುಂದುಕೊರತೆ ಏನೇ ಇರಲಿ, ಆ ಕೆಲಸಕ್ಕೆ ಯಾರಾದರೂ ಬೇಕೇಬೇಕು ಎಂಬುದನ್ನು ಅದು ಮೊದಲ ದಿನವೇ ಒಪ್ಪಿಕೊಂಡಿತ್ತು.

ಬಿಸಿಲೇರುವ ಮುಂಚೆ

ವಸಂತದ ಸಂತೆಗೆ ಬಿಸಿಲೇ ದೊಡ್ಡ ವ್ಯಾಪಾರಿ. ಏಳು ಗಂಟೆಗೆ ನಳನಳಿಸುವ ದಂಟು, ಮೆಂತ್ಯದ ಕಟ್ಟು ಹನ್ನೊಂದಕ್ಕೆ ತಲೆ ಬಾಗಿಸುತ್ತದೆ, ಬೆಲೆಯೂ ಅದರ ಜೊತೆಗೇ ಬಾಗುತ್ತದೆ. ನೆರಳು, ನೀರು, ಬೆಳಗಿನ ಹೊತ್ತು ಈ ಮೂರನ್ನು ಒದಗಿಸದೆ ಬಯಲಲ್ಲಿ ಸಂತೆ ಕೂರಿಸಿದರೆ ಸೊಪ್ಪಿನವರು ಎರಡನೇ ವಾರಕ್ಕೆ ಬರುವುದಿಲ್ಲ. ಪ್ರಯಾಣದ ವಿಷಯದಲ್ಲಿ ಒಂದು ಅನುಕೂಲ ಈಗಾಗಲೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ಲಗೇಜಿಗೆ ಮಿತಿಯಿದೆ. ಸಂತೆಯ ದಿನ ನಸುಕಿನ ಒಂದು ಬಸ್ಸು, ಮೂಟೆಗಳಿಗೆ ಒಂದಷ್ಟು ಜಾಗ ಸಿಕ್ಕರೆ ಸೊಪ್ಪು, ಹೂವು ಮಾರುವವರ ಬಾಡಿಗೆಯ ಹೊರೆ ಬಹುಪಾಲು ಇಳಿಯುತ್ತದೆ.

ಕೊಳ್ಳುವವರು ಕೇಳಬೇಕಾದ್ದು

ಮಂಡಿಯಿಂದ ತಂದು ರೈತ ಸಂತೆಯಲ್ಲಿ ಮಾರುವವರೂ ಇರುತ್ತಾರೆ. ಅದನ್ನು ಪತ್ತೆ ಹಚ್ಚಲು ಪತ್ತೇದಾರಿಕೆ ಬೇಡ. ಒಬ್ಬರ ಬಳಿಯೇ ಕ್ಯಾರೆಟ್, ಸೇಬು, ಮಾವು, ಶುಂಠಿ ಎಲ್ಲ ಇದ್ದರೆ ಅದು ಒಂದು ಹೊಲದ ಬೆಳೆಯಲ್ಲ. ಯಾವ ಊರು, ಎಷ್ಟು ಜಮೀನು, ಯಾವಾಗ ಬಿಡಿಸಿದ್ದು ಎಂದು ಕೇಳಿದರೆ ಬೆಳೆದವರು ಖುಷಿಯಿಂದಲೇ ಹೇಳುತ್ತಾರೆ. ‘ಸಾವಯವ’ ಎಂದವರನ್ನು ಪಿಜಿಎಸ್ ಗುಂಪಿನಲ್ಲಿದ್ದೀರಾ ಎಂದು ಕೇಳಬಹುದು. ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಖಾತರಿ ಕೊಡುವ ಪದ್ಧತಿ ಅದು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವುದೂ ನಮ್ಮ ಹಕ್ಕು.

ಮಾವಿನ ಬಗ್ಗೆ ಎರಡು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ, ಎಥಿಲಿನ್ ಅನಿಲವನ್ನು ಮಿತಿಯಲ್ಲಿ ಬಳಸಲು ಮಾತ್ರ ಅವಕಾಶವಿದೆ. ಋತುವಿನ ಆರಂಭದಲ್ಲಿ ಬೆಲೆ ಜಾಸ್ತಿ ಇರುವುದರಿಂದ ಬಲಿಯದ ಕಾಯಿ ಕಿತ್ತು ಬಣ್ಣ ಬರಿಸುವ ಆಸೆಯೂ ಆಗಲೇ ಹೆಚ್ಚು. ಬೆಳೆಗಾರರಿಂದ ಬಲಿತ ಕಾಯಿಯನ್ನೇ ಕೊಂಡು ಮನೆಯಲ್ಲಿ ಹುಲ್ಲಿನಲ್ಲೋ ಗೋಣಿಯಲ್ಲೋ ಇಟ್ಟು ಹಣ್ಣು ಮಾಡಿಕೊಳ್ಳುವುದು ಕ್ಷೇಮ. ಬಲಿತ ಕಾಯಿಗೆ ತೊಟ್ಟಿನ ಎರಡೂ ಬದಿಯ ಭುಜ ತುಂಬಿರುತ್ತದೆ, ನೀರಿಗೆ ಹಾಕಿದರೆ ಸಾಮಾನ್ಯವಾಗಿ ಮುಳುಗುತ್ತದೆ. ಹೀಗೆ ಕೊಂಡರೆ ಹಣ್ಣು ಮಾಡುವ ಕೆಲಸ, ಅದರಲ್ಲಿ ಕೆಡುವ ಒಂದೆರಡು ಕಾಯಿಯ ನಷ್ಟ ನಮ್ಮ ಪಾಲಿಗೆ ಬರುತ್ತದೆ. ಅಷ್ಟರಮಟ್ಟಿಗೆ ಬೆಲೆ ಕಡಿಮೆ ಕೇಳುವುದು ನ್ಯಾಯ. ಮಳಿಗೆಯವರಂತೆ ಆರಿಸಿ, ತೊಳೆದು, ಮನೆಗೆ ತಲುಪಿಸಬೇಕು, ಬೆಲೆ ಮಾತ್ರ ಮಂಡಿಯದ್ದೇ ಇರಬೇಕು ಎನ್ನುವುದು ನ್ಯಾಯವಲ್ಲ. ಹುಣಸೆ, ಬೇಳೆ, ಒಣಮೆಣಸಿನಕಾಯಿಯಲ್ಲಿ ಈ ಹೊಂದಾಣಿಕೆ ಇನ್ನೂ ಸುಲಭ. ಬೇಗ ಕೆಡುವುದಿಲ್ಲ, ನಾಲ್ಕು ಮನೆ ಸೇರಿ ಮೂಟೆ ಲೆಕ್ಕದಲ್ಲಿ ಕೊಂಡರೆ ಎರಡೂ ಕಡೆಗೆ ಉಳಿತಾಯ.

ಆಷಾಢದ ಪರೀಕ್ಷೆ

ಉದ್ಘಾಟನೆಯ ದಿನ ಶಾಮಿಯಾನ, ಫೋಟೊ, ಭಾಷಣ. ತಿಂಗಳಲ್ಲಿ ಜಾಗ ಖಾಲಿ. ಸಂತೆಗೆ ಮೂರು ಮೊಳ ನೇಯ್ದ ಹಾಗೆ ಕಟ್ಟಿದ ರೈತ ಸಂತೆಗಳ ಪಾಡು ಇದು. ಪುರಸಭೆ, ಗ್ರಾಮ ಪಂಚಾಯಿತಿಗಳು ಮಾಡಬಹುದಾದದ್ದು ದುಬಾರಿಯೇನಲ್ಲ. ವಾರದ ಒಂದು ದಿನ ಖಾಯಂ ಮಾಡಬೇಕು. ನೆರಳಿರುವ ಜಾಗ ಕೊಡಬೇಕು. ಸುಂಕ ವಸೂಲಿಯನ್ನು ಹರಾಜು ಹಾಕಿ ಕೈತೊಳೆದುಕೊಳ್ಳುವ ಬದಲು ಬೆಳೆಗಾರರಿಗೆ ವಿನಾಯಿತಿ ಕೊಡಬೇಕು. ಅಂದಿನ ಮಂಡಿ ದರವನ್ನು ಬೋರ್ಡಿನ ಮೇಲೆ ಬರೆಸಬೇಕು. ಉಳಿದ ಮಾಲನ್ನು ಕೊಂಡುಕೊಳ್ಳಲು ಹತ್ತಿರದ ಹಾಸ್ಟೆಲ್, ಹೋಟೆಲುಗಳ ಜೊತೆ ಮೊದಲೇ ಮಾತಾಡಿಟ್ಟರೆ ಸಂಜೆಯ ನಷ್ಟ ಇಳಿಯುತ್ತದೆ.

ಚೈತ್ರದಲ್ಲಿ ಜನ ತಾವಾಗಿಯೇ ಬರುತ್ತಾರೆ, ಮಾವು ಕರೆತರುತ್ತದೆ. ಆಷಾಢದ ಹೊತ್ತಿಗೆ ಮಾವಿನ ಸುಗ್ಗಿ ಇಳಿದಿರುತ್ತದೆ, ರೈತರು ಬಿತ್ತನೆಯಲ್ಲಿರುತ್ತಾರೆ, ಮಳೆಗೆ ಗಿರಾಕಿಗಳೂ ಮನೆ ಬಿಟ್ಟು ಹೊರಡುವುದಿಲ್ಲ. ಆಗಲೂ ಯಾರು ಟೆಂಪೋ ಹೊರಡಿಸುತ್ತಾರೆ, ಯಾರು ಕೂರುತ್ತಾರೆ, ಉಳಿದದ್ದನ್ನು ಯಾರು ಕೊಳ್ಳುತ್ತಾರೆ ಎಂಬುದಕ್ಕೆ ಸಂತೆ ಕಟ್ಟುವವರ ಬಳಿ ಈಗಲೇ ಉತ್ತರ ಇರಬೇಕು. ಆ ಉತ್ತರವಿಲ್ಲದೆ ಬ್ಯಾನರ್ ಕಟ್ಟಿದರೆ, ಮಳೆಗಾಲಕ್ಕೆ ರೈತರು ಮತ್ತೆ ಮಂಡಿಯ ದಾರಿ ಹಿಡಿಯುತ್ತಾರೆ. ಹಾಗೆ ಹೋದವರನ್ನು ತಪ್ಪು ಎನ್ನಲು ಯಾರಿಗೂ ಬಾಯಿರುವುದಿಲ್ಲ.