ಜಾಹೀರಾತು ಸಂಪ್ರದಾಯವಾದಾಗ

‘ಜಾಹೀರಾತು ನೋಡಿ ಮರುಳಾಗುವ ಕಾಲ ಹೋಯಿತು’ ಎನ್ನುವ ಮಾತು ಈಗ ವಿದ್ಯಾವಂತರ ನಡುವೆ ಪದೇ ಪದೇ ಕೇಳಿಬರುತ್ತದೆ. ಟಿ.ವಿ.ಯಲ್ಲಿ ಬಂದರೆ ಚಾನೆಲ್ ಬದಲಿಸುತ್ತೇವೆ, ಮೊಬೈಲಿನಲ್ಲಿ ಬಂದರೆ ಸ್ಕಿಪ್ ಒತ್ತುತ್ತೇವೆ, ಪತ್ರಿಕೆಯಲ್ಲಿ ಬಂದರೆ ಪುಟ ತಿರುವುತ್ತೇವೆ. ಇನ್ನು ಅದು ನಮ್ಮನ್ನು ಏನು ಮಾಡೀತು ಎಂಬ ಧೈರ್ಯ. ಈ ಧೈರ್ಯಕ್ಕೆ ಆಧಾರವಿಲ್ಲ. ನೋಡಿದ ಕೂಡಲೇ ಜಾಹೀರಾತೆಂದು ಗುರುತು ಸಿಗುವುದು ಇನ್ನೂ ಅರ್ಧ ದಾರಿಯಲ್ಲಿರುವ ಜಾಹೀರಾತು. ಗುರಿ ಮುಟ್ಟಿದ್ದು ನಮ್ಮ ಮನೆಯ ರೂಢಿಯೊಳಗೆ ಸೇರಿಕೊಂಡು, ಹಿಂದಿನಿಂದಲೂ ನಡೆದುಬಂದದ್ದು ಎಂಬ ಗೌರವ ಸಂಪಾದಿಸಿಕೊಂಡಿರುತ್ತದೆ. ಅದನ್ನು ಯಾರು ಹಣ ಕೊಟ್ಟು ಶುರು ಮಾಡಿಸಿದರು ಎಂಬುದು ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ.

ದಿನವೂ ಕುಡಿಯುವ ಚಹಾವನ್ನೇ ನೋಡಿ. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದು ಅವಮಾನವೆಂದು ತಿಳಿಯುವ ದೇಶ ನಮ್ಮದು. ಆದರೆ ಇಪ್ಪತ್ತನೆಯ ಶತಮಾನ ಶುರುವಾದಾಗ ಭಾರತದ ಬಹುಪಾಲು ಜನ ಚಹಾದ ರುಚಿಯನ್ನೇ ಕಂಡಿರಲಿಲ್ಲ. ಅಸ್ಸಾಮಿನ ಚಹಾ 1839ರಲ್ಲೇ ಲಂಡನ್ನಿನಲ್ಲಿ ಹರಾಜಾಯಿತು. ಮುಂದೆ ತೋಟಗಳು ನೂರಾರು ಆದವು. ಬೆಳೆದದ್ದೆಲ್ಲ ಹಡಗು ಹತ್ತಿ ಹೋಗುತ್ತಿತ್ತು. ಎಲೆ ಕಿತ್ತವರ ನಾಡಿನಲ್ಲಿ ಕುಡಿಯುವವರಿರಲಿಲ್ಲ. ಉತ್ಪಾದನೆ ಬೇಡಿಕೆಯನ್ನು ಮೀರತೊಡಗಿದಾಗ ತೋಟದ ಮಾಲೀಕರೇ ಸರ್ಕಾರವನ್ನು ಕೇಳಿಕೊಂಡು ತಮ್ಮ ರಫ್ತಿನ ಮೇಲೆ ತೆರಿಗೆ ಹಾಕಿಸಿಕೊಂಡರು. ಅದು 1903ರ ಟೀ ಸೆಸ್ ಕಾಯ್ದೆ. ಆ ಹಣ ಹೋಗಬೇಕಾದದ್ದು ಪ್ರಚಾರಕ್ಕೆ. ಮೊದಲು ಹೊರದೇಶಗಳ ಮೇಲೆ ಕಣ್ಣಿಟ್ಟಿದ್ದವರು ಬರಬರುತ್ತ ತಮ್ಮ ಕಾಲ ಬುಡದಲ್ಲೇ ಇದ್ದ ಕೋಟ್ಯಂತರ ಜನರನ್ನು ಗಮನಿಸಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ಬಿತ್ತು. 1933ರ ಅಂತರರಾಷ್ಟ್ರೀಯ ಒಪ್ಪಂದ ರಫ್ತಿಗೆ ಮಿತಿ ಹಾಕಿತು. ಮಿಕ್ಕ ಎಲೆಗೆ ಇಲ್ಲೇ ಬಾಯಿ ಹುಡುಕಬೇಕಾಯಿತು.

ಹುಡುಕಿದ ರೀತಿಯನ್ನು ಹತ್ತಿರದಿಂದ ನೋಡಬೇಕು. ಗಿರಣಿಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ಚಹಾದ ಅಂಗಡಿ ಇಡಿಸಿದರು. ಕೆಲಸದ ನಡುವೆ ಚಹಾಕ್ಕೆ ಬಿಡುವು ಕೊಡಿ ಎಂದು ಮಾಲೀಕರಿಗೆ ಹೇಳಿದರು. ರೈಲು ನಿಲ್ದಾಣಗಳಲ್ಲಿ ಮಾರುವವರ ಕೈಗೆ ಕೆಟಲು, ಲೋಟ, ಚಹಾಪುಡಿಯ ಪೊಟ್ಟಣ ಕೊಟ್ಟರು. ಪ್ರಚಾರದ ಮೋಟಾರು ವ್ಯಾನುಗಳು ಊರೂರು ಸುತ್ತಿದವು. ಬಡವನೂ ಕೊಳ್ಳಲಿ ಎಂದು ಒಂದು ಕಾಸಿನ ಪೊಟ್ಟಣ ಬಂತು. ಪ್ರಚಾರಕರು ಮನೆಮನೆಗೆ ಹೋಗಿ ಚಹಾ ಮಾಡುವುದು ಹೇಗೆಂದು ತೋರಿಸಿ, ಬಿಟ್ಟಿಯಾಗಿ ಕುಡಿಸಿದರು. ನಿಲ್ದಾಣಗಳಲ್ಲಿ ಎನಾಮಲ್ ಫಲಕಗಳು ಎದ್ದವು. ನೀರು ಆಗತಾನೆ ಕುದಿದಿರಬೇಕು, ಎಲೆಯ ಮೇಲೆ ಸುರಿದು ಕೆಲವು ನಿಮಿಷ ಮುಚ್ಚಿಡಬೇಕು, ಹಾಲು ಸಕ್ಕರೆ ಆಮೇಲೆ: ಹೀಗೆ ಇಂಗ್ಲಿಷರ ಪದ್ಧತಿಯನ್ನು ಚಿತ್ರಸಹಿತ ದೇಶಭಾಷೆಗಳಲ್ಲಿ ಬರೆಸಿದ್ದರು. ಗಾಂಧೀಜಿ ಚಹಾ ಆರೋಗ್ಯಕ್ಕೆ ಬೇಕಾದದ್ದಲ್ಲ ಎಂದು ಬರೆದರು. ಬಂಗಾಳದ ಮಹಾ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ವಿರೋಧಿಸಿದರು. ಪ್ರಚಾರ ಅದಕ್ಕೂ ಜಗ್ಗಲಿಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ಕಲಾವಿದ ಅನ್ನದಾ ಮುನ್ಷಿಯವರ ಭಿತ್ತಿಚಿತ್ರದಲ್ಲಿ ಚರಕದ ಮುಂದೆ ಕುಳಿತ ಹೆಂಗಸಿನ ಕೈಗೇ ಚಹಾದ ಬಟ್ಟಲು ಬಂದಿತ್ತು, ಚಹಾ ನೂರಕ್ಕೆ ನೂರು ಸ್ವದೇಶಿ ಎಂಬ ಘೋಷಣೆಯೊಂದಿಗೆ. ಬ್ರಿಟಿಷ್ ತೋಟಗಾರರ ಹಣದಿಂದ ಶುರುವಾದ ಪ್ರಚಾರ ಕೊನೆಗೆ ಗಾಂಧಿಯ ಚರಕವನ್ನೇ ಹಿಡಿದುಕೊಂಡಿತು. ಇವತ್ತು ನಾವು ಬೆಳೆಯುವ ಚಹಾದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ನಾವೇ ಕುಡಿಯುತ್ತೇವೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಇದನ್ನೆಲ್ಲ ಪ್ರಚಾರವೇ ಮಾಡಿತು ಎಂದು ಹೇಗೆ ಹೇಳುತ್ತೀರಿ? 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಸಿ.ಟಿ.ಸಿ. ಯಂತ್ರ ಎಲೆಯನ್ನು ಜಜ್ಜಿ, ಹರಿದು, ಹರಳು ಮಾಡಿತು. ಆ ಹರಳು ಅಗ್ಗ. ಚಿಟಿಕೆ ಹಾಕಿದರೆ ಕಡುಬಣ್ಣ ಬಿಡುತ್ತದೆ. ಸ್ವಾತಂತ್ರ್ಯಾನಂತರ ಅದು ಹಬ್ಬಿದಾಗಲೇ ಚಹಾ ಬಡವರ ಮನೆಯನ್ನು ನಿಜವಾಗಿ ಹೊಕ್ಕಿತು. ಅಂದಮೇಲೆ ಕೆಲಸ ಮಾಡಿದ್ದು ಯಂತ್ರ ಮತ್ತು ಬೆಲೆಯಲ್ಲವೇ? ಇನ್ನೊಂದು ಮಾತು: ಜಾಹೀರಾತಿನವರು ತಮ್ಮ ಶಕ್ತಿಯನ್ನು ತಾವೇ ದೊಡ್ಡದು ಮಾಡಿ ಹೇಳಿಕೊಳ್ಳುವವರು. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕೆಲವು ತರುಣಿಯರು ಬಹಿರಂಗವಾಗಿ ಸಿಗರೇಟು ಹಚ್ಚಿ, ಅವನ್ನು ಸ್ವಾತಂತ್ರ್ಯದ ಪಂಜುಗಳೆಂದು ಕರೆದರು. ಅದರ ಹಿಂದೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಹಣವೂ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್‌ನ ತಲೆಯೂ ಇದ್ದವು. ಹೆಂಗಸರು ಸಿಗರೇಟು ಸೇದಲು ತೊಡಗಿದ್ದೇ ಅಂದಿನಿಂದ ಎಂಬಂತೆ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆದರೆ ಅಮೆರಿಕದ ಹೆಂಗಸರಲ್ಲಿ ಆ ಚಟ ಅದಕ್ಕೆ ಮುಂಚೆಯೇ ಏರುತ್ತಿತ್ತು, ಆ ಮೆರವಣಿಗೆಯ ಮಹಿಮೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಸಾರಿದವನು ಬರ್ನೇಸ್‌ನೇ. 1957ರಲ್ಲಿ ಫೋರ್ಡ್ ಕಂಪನಿ ಅಬ್ಬರದ ಪ್ರಚಾರದೊಂದಿಗೆ ತಂದ ಎಡ್ಸೆಲ್ ಕಾರು ನೆಲಕಚ್ಚಿತು. ಜನಕ್ಕೆ ಬೇಡವಾದದ್ದನ್ನು ಎಷ್ಟು ಕೂಗಿದರೂ ಮಾರಲಾಗದು.

ಈ ವಾದವನ್ನು ನಾನು ಗೌರವಿಸುತ್ತೇನೆ, ಬಹುಮಟ್ಟಿಗೆ ಒಪ್ಪುತ್ತೇನೆ. ಪ್ರಚಾರ ಒಂದೇ ಏನನ್ನೂ ಮಾಡಲಾರದು; ಬೆಲೆ ಬೇಕು, ಅಭಿರುಚಿ ಬೇಕು, ಕಾಲ ಕೂಡಿಬರಬೇಕು. ಮೂರ್ಖರು ಮಾತ್ರ ಜಾಹೀರಾತಿಗೆ ಬೀಳುತ್ತಾರೆ ಎನ್ನುವವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅವರ ಮನೆಯ ಅಡುಗೆಮನೆಯೇ ಅವರಿಗೆ ಉತ್ತರ. ಆದರೆ ಈ ಗಟ್ಟಿ ಆಕ್ಷೇಪವೂ ಒಂದನ್ನು ವಿವರಿಸುವುದಿಲ್ಲ. ಅಗ್ಗವಾದದ್ದನ್ನು ಜನ ಕೊಳ್ಳುತ್ತಾರೆ, ಸರಿ. ಕೊಳ್ಳದಿದ್ದರೆ ಮಾನ ಹೋಗುತ್ತದೆ ಎಂದುಕೊಳ್ಳುವುದು ಏಕೆ? ಯಂತ್ರವೂ ಬೆಲೆಯೂ ಅದನ್ನು ಮಾಡಲಾರವು.

ಅದನ್ನು ಮಾಡಿ ತೋರಿಸಿದ್ದು ವಜ್ರದ ವ್ಯಾಪಾರ. ಹದಿನೆಂಟನೆಯ ಶತಮಾನದ ತನಕ ಜಗತ್ತಿಗೆ ವಜ್ರ ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ಗೋಲ್ಕೊಂಡದ ಸೀಮೆಯಿಂದ, ಅದೂ ವಿರಳವಾಗಿ. 1860ರ ದಶಕದ ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ ಗಣಿಗಳು ಸಿಕ್ಕ ಮೇಲೆ ವಜ್ರ ರಾಶಿರಾಶಿಯಾಗಿ ಬಂತು. ಹಾಗೆಯೇ ಬಿಟ್ಟರೆ ಬೆಲೆ ನೆಲ ಮುಟ್ಟುತ್ತಿತ್ತು. ಡಿ ಬೀರ್ಸ್ ಕಂಪನಿ ಪೂರೈಕೆಯನ್ನು ತನ್ನ ಮುಷ್ಟಿಯಲ್ಲಿ ಹಿಡಿಯಿತು; 1938ರಲ್ಲಿ ಆ ಕಂಪನಿಯ ಪರವಾಗಿ ಹ್ಯಾರಿ ಒಪೆನ್‌ಹೈಮರ್ ಎನ್. ಡಬ್ಲ್ಯೂ. ಅಯರ್ ಎಂಬ ಅಮೆರಿಕದ ಜಾಹೀರಾತು ಸಂಸ್ಥೆಯ ಬಾಗಿಲು ತಟ್ಟಿದ. ಆ ಸಂಸ್ಥೆಯವರು ಯಾವ ಗಣಿಯ ಕಲ್ಲನ್ನೂ ಹೆಸರು ಹಿಡಿದು ಮಾರಲಿಲ್ಲ. ಪ್ರೀತಿಗೆ ವಜ್ರವೇ ಸಾಕ್ಷಿ ಎಂಬ ಭಾವನೆಯನ್ನು ಮಾರಿದರು. ಸಿನಿಮಾ ತಾರೆಯರ ಬೆರಳಿನ ವಜ್ರದ ಸುದ್ದಿ ಪತ್ರಿಕೆಗಳಲ್ಲಿ ಬರುವಂತೆ ನೋಡಿಕೊಂಡರು. ಹೈಸ್ಕೂಲಿನ ಹುಡುಗಿಯರಿಗೆ ನಿಶ್ಚಿತಾರ್ಥದ ಉಂಗುರದ ಬಗ್ಗೆ ಉಪನ್ಯಾಸ ಮಾಡಿಸಿದರು. 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ, ಜೀವನದಲ್ಲಿ ಮದುವೆಯೇ ಆಗದವಳು, ವಜ್ರ ಶಾಶ್ವತ ಎಂಬ ಘೋಷವಾಕ್ಯ ಬರೆದಳು. ಅದರಲ್ಲಿ ಪ್ರೇಮವಿದ್ದಷ್ಟೇ ಲೆಕ್ಕಾಚಾರವೂ ಇತ್ತು: ಶಾಶ್ವತವಾದದ್ದನ್ನು ಯಾರೂ ಮರಳಿ ಮಾರುವುದಿಲ್ಲ, ಮಾರದಿದ್ದರೆ ಹಳೆಯ ವಜ್ರ ಮಾರುಕಟ್ಟೆಗೆ ಬಂದು ಹೊಸದರ ಬೆಲೆ ಇಳಿಸುವುದಿಲ್ಲ. ಜಪಾನಿನಲ್ಲಿ 1967ರಲ್ಲಿ ಪ್ರಚಾರ ಶುರುವಾದಾಗ ವಜ್ರದ ಉಂಗುರ ಪಡೆಯುತ್ತಿದ್ದ ವಧುಗಳು ನೂರಕ್ಕೆ ಐದಕ್ಕಿಂತ ಕಡಿಮೆ. 1981ರ ಹೊತ್ತಿಗೆ ಸುಮಾರು ಅರವತ್ತು. ಹದಿನಾಲ್ಕು ವರ್ಷಗಳಲ್ಲಿ ಒಂದು ‘ಸಂಪ್ರದಾಯ’ ತಯಾರಾಯಿತು.

ಹಾಗಾದರೆ ಹಣ ಕೊಟ್ಟು ಹುಟ್ಟಿಸಿದ ಆಚರಣೆಯೆಲ್ಲ ಸುಳ್ಳೇ? ಹಾಗೆಂದು ನಾನು ಹೇಳಲಾರೆ. ಯಾವ ಆಚರಣೆಯಾದರೂ ಒಂದು ದಿನ ಯಾರೋ ಒಬ್ಬರಿಂದ ಶುರುವಾದದ್ದೇ. ಹುಟ್ಟನ್ನು ಹಿಡಿದು ತೀರ್ಪು ಕೊಡುವುದು ಸಣ್ಣತನ. ಕೇಳಬೇಕಾದದ್ದು ಬೇರೆ: ಆ ಆಚರಣೆಯನ್ನು ಜನ ತಮಗೆ ಬೇಕಾದಂತೆ ಬಗ್ಗಿಸಿಕೊಂಡರೇ, ಅಥವಾ ಅದೇ ಜನರನ್ನು ಬಗ್ಗಿಸಿತೇ?

ಚಹಾದ ವಿಷಯದಲ್ಲಿ ಜನ ಫಲಕದ ಒಂದು ಸೂಚನೆಯನ್ನೂ ಪಾಲಿಸಲಿಲ್ಲ. ಮುಚ್ಚಿಡಬೇಕಾದ ಎಲೆಯನ್ನು ಹಾಲು ಸಕ್ಕರೆಯೊಡನೆ ಕೊತಕೊತ ಕುದಿಸಿದರು. ಶುಂಠಿ ಜಜ್ಜಿ ಹಾಕಿದರು, ಏಲಕ್ಕಿ ಹಾಕಿದರು. ಚಹಾಪುಡಿ ಕಡಿಮೆ ಸಾಕೆಂದು ಮಸಾಲೆ, ಹಾಲು ಹೆಚ್ಚಿಸಿದ ಮಾರುವವರ ಮೇಲೆ ಪ್ರಚಾರ ಮಾಡಿದವರಿಗೇ ಸಿಟ್ಟು ಬಂತು. ಅವಿಧೇಯತೆಯಿಂದಲೇ ಚಹಾ ನಮ್ಮದಾಯಿತು. ಕೂಲಿಯವನ ಅರ್ಧ ಲೋಟಕ್ಕೂ ಶ್ರೀಮಂತನ ಬಟ್ಟಲಿಗೂ ಮರ್ಯಾದೆಯಲ್ಲಿ ವ್ಯತ್ಯಾಸವಿಲ್ಲ.

ಕಾಫಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೊಡಗು, ಚಿಕ್ಕಮಗಳೂರಿನ ತೋಟಗಳು ಬೆಲೆ ಕುಸಿತದಲ್ಲಿ ನರಳುತ್ತಿದ್ದಾಗ 1935ರಲ್ಲಿ ಕಾಫಿ ಸೆಸ್ ಬಂತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅದು ಶುದ್ಧ ಪ್ರಚಾರದ ಅಂಗಡಿ. ಎರಡನೆಯ ಮಹಾಯುದ್ಧ ಬಂದು ಯುರೋಪಿನ ಮಾರುಕಟ್ಟೆ ಮುಚ್ಚಿದ ಮೇಲೆ ಕಾಫಿ ಬೋರ್ಡ್ ಅದನ್ನು ಬೆಳೆಸಿತು. 1950ರ ದಶಕದಲ್ಲಿ ಬೋರ್ಡ್ ಕೈಬಿಟ್ಟು ನೌಕರರು ಬೀದಿಗೆ ಬೀಳುವ ಹೊತ್ತಿಗೆ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ನೌಕರರೇ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ. ಮಿಕ್ಕ ಸರಕನ್ನು ಖಾಲಿ ಮಾಡಲು ತೆರೆದ ಅಂಗಡಿ ಪರಿಚಾರಕರ ಸ್ವಂತ ಸಂಸ್ಥೆಯಾಯಿತು. ಪ್ರಚಾರವನ್ನು ಜನ ಗೆದ್ದುಕೊಂಡದ್ದು ಎಂದರೆ ಇದು.

ವಜ್ರದಲ್ಲಿ ಇಂಥ ಗೆಲುವಿಗೆ ಜಾಗವೇ ಇಲ್ಲ. ಎಷ್ಟು ತಿಂಗಳ ಸಂಬಳವನ್ನು ಉಂಗುರಕ್ಕೆ ಸುರಿಯಬೇಕೆಂದು ಮಾರುವವರೇ ಜಾಹೀರಾತಿನಲ್ಲಿ ಹೇಳಿಕೊಟ್ಟರು. ಅದಕ್ಕಿಂತ ಕಡಿಮೆ ಕೊಟ್ಟವನ ಪ್ರೀತಿಯೇ ಕಡಿಮೆ. ಇದನ್ನು ನಾನು ಕ್ಷಮಿಸಲಾರೆ.

ನಮ್ಮಲ್ಲೂ ಇದೇ ಆಗುತ್ತಿದೆ. ಅಕ್ಷಯ ತೃತೀಯ ಬಂತೆಂದರೆ ಪತ್ರಿಕೆಯ ಮುಖಪುಟವೇ ಚಿನ್ನದಂಗಡಿಗೆ ಮಾರಾಟವಾಗುತ್ತದೆ. ಅಂದು ಒಂದು ಗ್ರಾಂ ಆದರೂ ಕೊಳ್ಳದಿದ್ದರೆ ಅಶುಭವೆಂದು ಸಾಲ ಮಾಡುವವರಿದ್ದಾರೆ. ಕೇಳಿದರೆ ಸಂಪ್ರದಾಯ ಎನ್ನುತ್ತಾರೆ. ಆ ದಿನಕ್ಕೆ ಸೇರಿದ ನೆನಪುಗಳನ್ನು ಒಮ್ಮೆ ನೋಡಿ. ವನವಾಸದಲ್ಲಿದ್ದ ಧರ್ಮರಾಯ ಅತಿಥಿಗಳಿಗೆ ಉಣಬಡಿಸಿದ್ದು ಅಕ್ಷಯಪಾತ್ರೆಯಿಂದ. ಜೈನರ ಆದಿ ತೀರ್ಥಂಕರ ವೃಷಭನಾಥರು ದೀರ್ಘ ಉಪವಾಸದ ಬಳಿಕ ಕಬ್ಬಿನ ಹಾಲನ್ನು ದಾನವಾಗಿ ಸ್ವೀಕರಿಸಿದ್ದು ಈ ತಿಥಿಯಲ್ಲಿ. ದಾಸೋಹವನ್ನು ಬದುಕಿನ ನಡುವೆ ಇಟ್ಟ ಬಸವಣ್ಣನವರ ಜಯಂತಿಯೂ ಅಂದೇ. ಬೇಸಿಗೆಯ ಬಿಸಿಲಿನಲ್ಲಿ ನೀರಿನ ಕೊಡ, ಮಜ್ಜಿಗೆ, ಬೀಸಣಿಗೆ ದಾನ ಕೊಡುವುದು ವೈಶಾಖದ ಹಳೆಯ ಪದ್ಧತಿ. ಇವೆಲ್ಲದರಲ್ಲೂ ಇರುವುದು ಕೊಡುವ ಮಾತು. ಕೊಂಡು ತಂದು ಬೀರುವಿನಲ್ಲಿಡುವ ಮಾತು ಒಂದರಲ್ಲೂ ಇಲ್ಲ. ಕೊಡುವವರ ಹಬ್ಬವನ್ನು ಮಾರುವವರ ಹಬ್ಬ ಮಾಡಿದ್ದನ್ನು ನಾವು ಸಂಪ್ರದಾಯವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಬಡವನೊಬ್ಬ ತನಗೆ ಕೈಲಾದಂತೆ, ತಲೆ ತಗ್ಗಿಸದೆ ಮಾಡಬಹುದಾದದ್ದು ಎಲ್ಲಿಂದ ಬಂದಿದ್ದರೂ ನಮ್ಮದೇ ಆಚರಣೆ. ದುಡ್ಡಿಲ್ಲದವನನ್ನು ಹೊರಗೆ ನಿಲ್ಲಿಸುವುದು ಎಷ್ಟು ಮಂತ್ರ, ಎಷ್ಟು ಅರಿಶಿನ ಕುಂಕುಮ ಹಚ್ಚಿಕೊಂಡು ಬಂದರೂ ಜಾಹೀರಾತೇ. ಮುಂದಿನ ವೈಶಾಖದಲ್ಲಿ ಚಿನ್ನ ಕೊಳ್ಳಬೇಡಿ ಎಂದು ನಾನು ಯಾರನ್ನೂ ತಡೆಯುವುದಿಲ್ಲ. ಹಣವಿದ್ದವರು ಯಾವ ದಿನ ಬೇಕಾದರೂ ಕೊಳ್ಳಲಿ. ಆದರೆ ಕೊಳ್ಳಲಾಗದವರ ಮನೆಯಲ್ಲಿ ಅಂದು ಏನೋ ಕೊರತೆಯಾಯಿತು ಎಂಬ ಮಾತು ನಮ್ಮ ಬಾಯಿಂದ ಬರಬಾರದು. ಆ ಮಾತನ್ನು ಆಡಿದಾಗ ಅಂಗಡಿಯವರ ಪರವಾಗಿ, ಸಂಬಳವಿಲ್ಲದೆ, ನಾವೇ ಪ್ರಚಾರಕ್ಕೆ ನಿಂತಿರುತ್ತೇವೆ.