ಹಾಲಿ ಅಲ್ಲ, ಟೋಯಾನ್

ಹಾಲಿವುಡ್‌ಗೆ ಆ ಹೆಸರು ಬಂದಿದ್ದು ಒಂದು ಗಿಡದಿಂದ ಅನ್ನೋ ಕಥೆ ನೀವೂ ಕೇಳಿರಬಹುದು. ಲಾಸ್ ಏಂಜಲೀಸ್ ಗುಡ್ಡಗಳ ತುಂಬ ಕೆಂಪು ಹಣ್ಣಿನ ಪೊದೆಗಳಿದ್ದವು, ಜನ ಅದನ್ನ ‘ಕ್ಯಾಲಿಫೋರ್ನಿಯಾ ಹಾಲಿ’ ಅಂತಿದ್ರು, ಅದಕ್ಕೇ ಹಾಲಿವುಡ್. (ನಮ್ಮ ‘ಹಾಲಿ ಶಾಸಕರ’ ಹಾಲಿ ಅಲ್ಲ, ಯುರೋಪಿನವರು ಕ್ರಿಸ್‌ಮಸ್‌ಗೆ ಬಾಗಿಲಿಗೆ ಕಟ್ಟುವ ಹಾಲಿ.) ಕಥೆ ಸೊಗಸಾಗಿದೆ. ಆದರೆ 1887ರಲ್ಲಿ ಅಲ್ಲಿ ಬಡಾವಣೆ ಮಾಡಿದ ವಿಲ್ಕಾಕ್ಸ್ ದಂಪತಿಯಲ್ಲಿ ಹೆಂಡತಿ ಡೇಡಾ, ರೈಲಿನಲ್ಲಿ ಸಿಕ್ಕ ಹೆಂಗಸೊಬ್ಬಳ ಬಾಯಲ್ಲಿ ಈ ಹೆಸರು ಕೇಳಿ ಮೆಚ್ಚಿ ಇಟ್ಟರು ಅನ್ನೋದನ್ನೇ ಹೆಚ್ಚು ಜನ ನಂಬ್ತಾರೆ.

ನನಗೆ ಇಷ್ಟ ಆ ಗಿಡದ ಇನ್ನೊಂದು ಹೆಸರು: ಟೋಯಾನ್. ಬೇ ಏರಿಯಾದಲ್ಲಿರೋ ನಾವು ಶನಿವಾರ ಹತ್ತುವ ಗುಡ್ಡಗಳಲ್ಲೂ ಇದು ಇದೆ. ಬೇಸಿಗೆ ಪೂರ್ತಿ ಮಳೆಯಿಲ್ಲದ ಕುರುಚಲು ಕಾಡು, ಅದಕ್ಕೆ ಶಾಪರಲ್ ಅಂತಾರೆ. ಸುತ್ತ ಹುಲ್ಲೆಲ್ಲ ಒಣಗಿ ನಿಂತಾಗಲೂ ಟೋಯಾನ್ ಎಲೆ ಹಸಿರೇ. ಕಾಳ್ಗಿಚ್ಚಿಗೆ ಸುಟ್ಟುಹೋದರೂ ಬುಡದಿಂದ ಮತ್ತೆ ಚಿಗುರುತ್ತೆ. ನಿಜವಾದ ಹಾಲಿಗೂ ಇದಕ್ಕೂ ನಂಟೇ ಇಲ್ಲ, ಇದು ಗುಲಾಬಿ, ಸೇಬಿನ ಕುಟುಂಬ.

ನಾವೂ ಹೀಗೆ ಹೆಸರಿಟ್ಟವರೇ: ಸೀಮೆಬದನೆ, ಸೀಮೆಸುಣ್ಣ. ಆದರೆ ಅವು ನಮ್ಮೂರಿಗೆ ಹೊರಗಿಂದ ಬಂದವು. ಇಲ್ಲಿ ಬಂದವರು ಜನ. ಗಿಡ ಮೊದಲೇ ಇತ್ತು, ಅದಕ್ಕೊಂದು ಹೆಸರೂ ಇತ್ತು. ಟೋಯಾನ್ ಈ ನೆಲದ ಮೂಲನಿವಾಸಿ ಓಲೋನಿ ಜನರ ಪದ. ಹಸಿ ಹಣ್ಣಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತೆ, ಅದನ್ನ ಹುರಿದು, ಬೇಯಿಸಿ ತಿನ್ನೋದು ಅವರಿಗೆ ಗೊತ್ತಿತ್ತು.

ಓಲೋನಿ ಭಾಷೆ ಒಂದಲ್ಲ, ಹಲವು. ಅದರಲ್ಲಿ ರಮ್ಸೆನ್ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಇಸಾಬೆಲ್ ಮೆಡೋಸ್, 1939ರಲ್ಲಿ ತೀರಿಹೋದರು. ಮುಂಚೆ ಭಾಷಾತಜ್ಞ ಹ್ಯಾರಿಂಗ್ಟನ್ ಅವರ ಮಾತುಗಳನ್ನ ಪುಟಗಟ್ಟಲೆ ಬರೆದುಕೊಂಡಿದ್ದರು. ಅಂಥ ಟಿಪ್ಪಣಿಗಳನ್ನೇ ಇಟ್ಟುಕೊಂಡು ಈಗ ಓಲೋನಿ ಮನೆತನಗಳವರು ತಮ್ಮ ಮಾತನ್ನ ಮತ್ತೆ ಕಲೀತಿದ್ದಾರೆ. ಮಕ್ಕಳಿಗೆ ಮನೇಲಿ ಕನ್ನಡ ಮಾತಾಡಿಸೋಕೆ ದಿನಾ ಒದ್ದಾಡುವ ನನಗೆ ಇದನ್ನ ಸುಮ್ಮನೆ ಓದಿ ಬಿಡೋಕೆ ಆಗಲಿಲ್ಲ.

2012ರಲ್ಲಿ ಲಾಸ್ ಏಂಜಲೀಸ್ ನಗರಸಭೆ ಇದನ್ನ ನಗರದ ಅಧಿಕೃತ ಸ್ಥಳೀಯ ಗಿಡ ಅಂತ ಸಾರಿತು, ಟೋಯಾನ್ ಹೆಸರಲ್ಲೇ. ನವೆಂಬರ್, ಡಿಸೆಂಬರಲ್ಲಿ ಗುಡ್ಡಕ್ಕೆ ಹೋದರೆ ಕೆಂಪು ಗೊಂಚಲು ಹುಡುಕಿ. ಕೀಳಬೇಡಿ ಮಾತ್ರ. 1920ರ ದಶಕದಲ್ಲಿ ಕ್ರಿಸ್‌ಮಸ್ ಅಲಂಕಾರಕ್ಕೆ ಅಂತ ಎಷ್ಟು ಕಡಿದರು ಅಂದ್ರೆ, ಸರ್ಕಾರಿ ಜಾಗದಲ್ಲಿ ಇದನ್ನ ಮುರೀಬಾರದು ಅಂತ ಕಾನೂನೇ ಬಂತು. ಹಕ್ಕಿಗಳಿಗೆ ಆ ಕಾನೂನು ಇಲ್ಲ, ಹಿಂಡು ಹಿಂಡಾಗಿ ಬಂದು ಮುಗಿಸ್ತವೆ.