'ಟಿಂಗ್' ನಿಮಗೆ, ಫೈಲು ಕಂಪನಿಗೆ

2024ರ ಆಗಸ್ಟ್ 26. ನಮ್ಮಲ್ಲಿ ಅವತ್ತು ಕೃಷ್ಣ ಜನ್ಮಾಷ್ಟಮಿ, ಐಟಿ ಕಂಪನಿಗಳ ಪಾಲಿಗೆ ಇನ್ನೊಂದು ಸೋಮವಾರ. ಆ ದಿನ ಆಸ್ಟ್ರೇಲಿಯಾದಲ್ಲಿ ಒಂದು ಕಾನೂನು ಜಾರಿಗೆ ಬಂತು. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನಿಂದ ಬರುವ ಕರೆ, ಮೆಸೇಜುಗಳನ್ನು ನೋಡದೇ ಇರುವ, ಉತ್ತರ ಕೊಡದೇ ಇರುವ ಹಕ್ಕು ಅಲ್ಲಿನ ನೌಕರರಿಗೆ ಸಿಕ್ಕಿತು. ಅದೇ ದಿನ ಸ್ಲ್ಯಾಕ್, ತನ್ನ ಉಚಿತ ಪ್ಲಾನ್ ಬಳಸುವವರ ಒಂದು ವರ್ಷಕ್ಕಿಂತ ಹಳೆಯ ಮೆಸೇಜು, ಫೈಲುಗಳನ್ನು ಶಾಶ್ವತವಾಗಿ ಅಳಿಸಿಹಾಕಲು ಶುರು ಮಾಡಿತು.

ಎರಡಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ. ಆದರೂ ನಮ್ಮ ಕಾಲದ ಆಫೀಸು ಕೆಲಸದ ಎರಡು ಜಗಳಗಳು ಆ ಒಂದು ತಾರೀಖಿನಲ್ಲಿ ಕೂತಿವೆ. ನಿಮ್ಮ ಫೋನು ಯಾವಾಗ ಸದ್ದು ಮಾಡಬೇಕು ಅನ್ನೋದು ಒಂದು. ನೀವು ಮಾಡಿದ ಕೆಲಸದ ದಾಖಲೆ ಯಾರ ಕೈಲಿರಬೇಕು ಅನ್ನೋದು ಇನ್ನೊಂದು. ಮೊದಲನೆಯದರ ಬಗ್ಗೆ ನಾವು ಬೇಕಾದಷ್ಟು ಗೊಣಗ್ತೀವಿ. ಎರಡನೆಯದು ಲ್ಯಾಪ್‌ಟಾಪ್ ವಾಪಸ್ ಕೊಡುವ ದಿನದವರೆಗೂ ತಲೆಗೇ ಬರಲ್ಲ.

ನನ್ನ ಕಾಲೇಜು ಗೆಳೆಯನೊಬ್ಬನಿಗೆ ಅದು ತಲೆಗೆ ಬಂದಿದ್ದು ಹಾಗೇ. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಆರು ವರ್ಷ ಇದ್ದ. ಒಂದು ಮಧ್ಯಾಹ್ನ ಹದಿನೈದು ನಿಮಿಷದ ಮೀಟಿಂಗ್‌ಗೆ ಕರೆದು 'ನೀವೇ ರಾಜೀನಾಮೆ ಕೊಟ್ಟರೆ ಒಳ್ಳೇದು' ಅಂದರು. ಮೀಟಿಂಗ್ ಮುಗಿಸಿ ಸೀಟಿಗೆ ಬರೋ ಹೊತ್ತಿಗೆ ಚಾಟ್ ಆ್ಯಪ್ ಅವನನ್ನು ಹೊರಗೆ ಹಾಕಿತ್ತು. 'ಮಗಾ, ಎರಡು ವರ್ಷ ರಾತ್ರಿ ಹನ್ನೆರಡರ ತನಕ ಅಮೆರಿಕದವರ ಜೊತೆ ಕಾಲ್‌ನಲ್ಲಿದ್ದೆ. ಓವರ್‌ಟೈಮ್ ಕೇಳೋಣ ಅಂದ್ರೆ ನನ್ನ ಹತ್ರ ಒಂದು ಸಾಲೂ ಇಲ್ಲ' ಅಂದ. ಟೈಮ್‌ಶೀಟ್‌ನಲ್ಲಿ ಏನಿತ್ತು? ಪ್ರತಿದಿನ ಒಂಬತ್ತು ಗಂಟೆ. ಅವನೇ ತುಂಬಿದ್ದು. ಅವನ ಟೀಮಿನಲ್ಲಿ ಎಲ್ಲರೂ ಹಾಗೇ ತುಂಬುತ್ತಿದ್ದರಂತೆ.

ಮೊದಲು ಸದ್ದಿನ ವಿಷಯ. ಪತ್ರಿಕೋದ್ಯಮಕ್ಕೆ ಬರುವ ಮುಂಚೆ ನಾನೂ ಮೂರು ವರ್ಷ ಕೋಡ್ ಬರೆದವನು. ಒಂದು ಆ್ಯಪ್‌ನ ನೋಟಿಫಿಕೇಶನ್ ಭಾಗ ನನ್ನ ಪಾಲಿಗೆ ಬಂದಿತ್ತು. ಆಗ ಅರ್ಥವಾಗಿದ್ದು ಇಷ್ಟು: ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಆಯ್ಕೆ ಇವೆ ಅನ್ನೋದಕ್ಕಿಂತ, ಮೊದಲ ದಿನ ಅದು ಆನ್ ಇತ್ತಾ ಆಫ್ ಇತ್ತಾ ಅನ್ನೋದು ಮುಖ್ಯ. ಡೀಫಾಲ್ಟ್ ಮುಟ್ಟೋಕೆ ಯಾರೂ ಹೋಗಲ್ಲ. ನಾವು ಆನ್ ಇಟ್ಟಿದ್ವಿ. ಕ್ಷಮೆ ಇರಲಿ.

ಹಾಗಂತ ಈ ಹತ್ತು ವರ್ಷಗಳಲ್ಲಿ ಏನೂ ಸುಧಾರಿಸಿಲ್ಲ ಅಂತಲ್ಲ. ಸ್ಲ್ಯಾಕ್ 2015ರ ಡಿಸೆಂಬರ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' ತಂದಿತು. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಸದ್ದಿಲ್ಲ ಅನ್ನೋದೇ ಡೀಫಾಲ್ಟ್ ಆಯ್ತು. ಅದರಲ್ಲೇ 'ಹೇಗಿದ್ದರೂ ತಿಳಿಸು' ಅನ್ನೋ ಕಿಂಡಿಯನ್ನೂ ಇಟ್ಟರು. 2021ರಲ್ಲಿ, ರಾತ್ರಿ ಬರೆದ ಮೆಸೇಜು ಬೆಳಿಗ್ಗೆ ತಲುಪುವಂತೆ ಮಾಡುವ ಸೌಲಭ್ಯ ಬಂತು. ಮೈಕ್ರೋಸಾಫ್ಟ್ ಟೀಮ್ಸ್‌ನ ಮೊಬೈಲ್ ಆ್ಯಪ್‌ನಲ್ಲೂ 'ಕ್ವಯಟ್ ಅವರ್ಸ್' ಇದೆ. ಎಲ್ಲಾ ಒಳ್ಳೆಯವೇ. ಆದರೆ ರಾತ್ರಿ 10 ಅನ್ನೋದು ಯಾರ ರಾತ್ರಿ? ಚಳಿಗಾಲದಲ್ಲಿ ಬೆಂಗಳೂರಿನ ರಾತ್ರಿ 10 ಅಂದ್ರೆ ನ್ಯೂಯಾರ್ಕಿನ ಬೆಳಿಗ್ಗೆ ಹನ್ನೊಂದೂವರೆ. ಕ್ಲೈಂಟ್ ಎರಡನೇ ಕಾಫಿ ಕುಡಿಯೋ ಹೊತ್ತು. ಆ ಹೊತ್ತಲ್ಲಿ ಮ್ಯೂಟ್ ಬಟನ್ ಒತ್ತುವ ಧೈರ್ಯ, ಮುಂದಿನ ತಿಂಗಳು ಅಪ್ರೈಸಲ್ ಇರೋ ಹುಡುಗಿಗೆ ಎಲ್ಲಿಂದ ಬರಬೇಕು? ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಗೆ ತಿರುಗಿದ್ದು ಎಲ್ಲರಿಗೂ ಕಾಣುತ್ತೆ.

ಬಟನ್ ನಿಮ್ಮ ಕೈಗೆ ಕೊಟ್ಟ ಕೂಡಲೇ ಸದ್ದು ನಿಮ್ಮ ತಪ್ಪಾಗುತ್ತೆ. 'ನೀವೇ ಆಫ್ ಮಾಡ್ಕೋಬೇಕಿತ್ತು' ಅಂತಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್‌ನಲ್ಲಿ 2011ರಲ್ಲಿ ಇದಕ್ಕೆ ಉಲ್ಟಾ ಆಯ್ತು. ಅಲ್ಲಿನ ನೌಕರರ ಮಂಡಳಿ ಆಡಳಿತದ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು. ಪಾಳಿ ಮುಗಿದು ಅರ್ಧ ಗಂಟೆಗೆ ಸರ್ವರೇ ಬ್ಲ್ಯಾಕ್‌ಬೆರಿಗಳಿಗೆ ಇಮೇಲ್ ಕಳಿಸೋದು ನಿಲ್ಲಿಸಬೇಕು, ಮರುದಿನ ಪಾಳಿಗೆ ಅರ್ಧ ಗಂಟೆ ಮುಂಚೆ ಮತ್ತೆ ಶುರು ಮಾಡಬೇಕು. ಯಾರೂ ಧೈರ್ಯ ತೋರಿಸಬೇಕಾಗಿಲ್ಲ, ಮೆಸೇಜೇ ಬರಲ್ಲ. ಇವತ್ತು ಅದಕ್ಕೆ ಬೇಕಾದ ತಂತ್ರಜ್ಞಾನ ಇನ್ನೂ ಸುಲಭ. ಇಡೀ ಸಿಬ್ಬಂದಿಯ ಮೊಬೈಲ್‌ಗಳಲ್ಲಿ ಟೀಮ್ಸ್, ಔಟ್‌ಲುಕ್ ಸದ್ದನ್ನು ಒಂದೇ ಪಾಲಿಸಿಯಿಂದ ನಿಲ್ಲಿಸುವ ವ್ಯವಸ್ಥೆ ಮೈಕ್ರೋಸಾಫ್ಟ್‌ನ ಇಂಟ್ಯೂನ್‌ನಲ್ಲೇ ಇದೆ. ನಾನು ವಿಚಾರಿಸಿದ ಗೆಳೆಯರಲ್ಲಿ ಅದು ಆನ್ ಆಗಿದ್ದನ್ನು ಕಂಡವರು ಒಬ್ಬರೂ ಇಲ್ಲ.

ಇನ್ನು ಫೈಲು. ಇಲ್ಲಿ ಆಗಿರೋ ಬದಲಾವಣೆ ಸದ್ದಿಲ್ಲದ್ದು, ಅದಕ್ಕೇ ಹೆಚ್ಚು ದೊಡ್ಡದು. ಮೊದಲು ಇಮೇಲ್‌ಗೆ ಫೈಲ್ ಅಂಟಿಸಿ ಕಳಿಸ್ತಿದ್ವಿ. ಕಳಿಸಿದ ಕೂಡಲೇ ಅದರ ಒಂದು ಪ್ರತಿ ಪಡೆದವರದಾಗ್ತಿತ್ತು. ಈಗ ಹೋಗೋದು ಫೈಲಲ್ಲ, ಲಿಂಕು. ಟೀಮ್ಸ್ ಚಾನೆಲ್‌ನಲ್ಲಿ ಹಾಕಿದ್ದು ಶೇರ್‌ಪಾಯಿಂಟ್‌ನಲ್ಲಿ ಕೂರುತ್ತೆ. ಒಬ್ಬರಿಗೊಬ್ಬರು ಚಾಟ್‌ನಲ್ಲಿ ಕಳಿಸಿದ್ದು ಕಳಿಸಿದವರ ಒನ್‌ಡ್ರೈವ್‌ನಲ್ಲಿ ಕೂರುತ್ತೆ. ಕಳಿಸಿದವರು ಕೆಲಸ ಬಿಟ್ಟು ಅವರ ಅಕೌಂಟ್ ಅಳಿಸಿದ ಮೇಲೆ, ಕಂಪನಿ ಬೇರೆ ಅವಧಿ ಇಟ್ಟಿಲ್ಲದಿದ್ದರೆ, ಆ ಒನ್‌ಡ್ರೈವ್ ಉಳಿಯೋದು 30 ದಿನ. ಮೀಟಿಂಗ್ ರೆಕಾರ್ಡಿಂಗ್‌ಗೆ ಡೀಫಾಲ್ಟ್ ಆಯಸ್ಸು 120 ದಿನ. ಎಂಜಿನಿಯರ್ ಆಗಿ ನೋಡಿದರೆ ಇದು ಸರಿಯಾದ ವಿನ್ಯಾಸ, ಒಂದೇ ಫೈಲಿನ ನಲವತ್ತು ಪ್ರತಿ ಓಡಾಡೋದು ತಪ್ಪುತ್ತೆ. ಗ್ರಾಹಕರ ಮಾಹಿತಿ ಸೋರದ ಹಾಗೆ ನೋಡಿಕೊಳ್ಳುವ ಹೊಣೆಯೂ ಕಂಪನಿಗೆ ಇದೆ, ಅದು ನೆಪ ಅಲ್ಲ. ಆದರೆ ಪ್ರತಿ ಇದ್ದ ಜಾಗದಲ್ಲಿ ಅನುಮತಿ ಬಂದು ಕೂತಿತು. ಕೊಟ್ಟ ಅನುಮತಿಯನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ತಗೋಬಹುದು. 2022ರ ನವೆಂಬರ್‌ನಲ್ಲಿ ಟ್ವಿಟರ್ ಸಿಬ್ಬಂದಿ ಎಷ್ಟೋ ಜನಕ್ಕೆ ತಮ್ಮ ಕೆಲಸ ಹೋಗಿದ್ದು ಗೊತ್ತಾಗಿದ್ದೇ ಇಮೇಲು, ಸ್ಲ್ಯಾಕ್ ತೆರೆಯದೇ ಹೋದಾಗ.

ಸ್ಲ್ಯಾಕ್‌ನ ಉಚಿತ ಪ್ಲಾನ್ ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡಿತು. ಮೊದಲು 10,000 ಮೆಸೇಜು, 5 ಜಿಬಿ ಫೈಲು ಅಂತ ಮಿತಿ ಇತ್ತು. 2022ರ ಸೆಪ್ಟೆಂಬರ್‌ನಿಂದ ಅದು 90 ದಿನ ಆಯ್ತು. ಹಳೆಯದು ಪರದೆಯ ಹಿಂದೆ ಇರ್ತಿತ್ತು, ದುಡ್ಡು ಕಟ್ಟಿದರೆ ಕಾಣ್ತಿತ್ತು. 2024ರ ಆಗಸ್ಟ್‌ನಿಂದ ಒಂದು ವರ್ಷ ದಾಟಿದ್ದು ಪರದೆಯ ಹಿಂದೆಯೂ ಇಲ್ಲ. ಇದರ ಬಿಸಿ ತಟ್ಟೋದು ದುಡ್ಡಿರೋ ಕಂಪನಿಗಳಿಗಲ್ಲ. ಸ್ವಯಂಸೇವಾ ಗುಂಪುಗಳು, ವಿದ್ಯಾರ್ಥಿ ಸಂಘಟನೆಗಳು, ಸಣ್ಣ ಸುದ್ದಿಮನೆಗಳಿಗೆ. ನೀವೂ ಅಂಥ ಗುಂಪಿನಲ್ಲಿದ್ದರೆ, ಈ ವಾರವೇ ಕೂತು ನಿಮ್ಮ ಡೇಟಾ ಇಳಿಸಿಕೊಳ್ಳಿ.

ಈಗ ಸದ್ದು, ಫೈಲು ಎರಡೂ ಸೇರುವ ಜಾಗಕ್ಕೆ ಬರ್ತೀನಿ. 2018ಕ್ಕೆ ಮುಂಚೆ, ಸ್ಲ್ಯಾಕ್‌ನ 'ಪ್ಲಸ್' ಪ್ಲಾನ್‌ನಲ್ಲಿ ಕಂಪನಿಯೊಂದು ನೌಕರರ ಖಾಸಗಿ ಚಾಟ್‌ಗಳನ್ನು ಇಳಿಸಿಕೊಳ್ಳುವ ಸೌಲಭ್ಯ ಆನ್ ಮಾಡಿದರೆ ನೌಕರರಿಗೆ ಸೂಚನೆ ಹೋಗ್ತಿತ್ತು. ಆ ವರ್ಷ ಏಪ್ರಿಲ್‌ನಿಂದ ನಿಯಮ ಬದಲಾಯ್ತು. ಮಾಲೀಕರು ಅರ್ಜಿ ಹಾಕಿ ಎಲ್ಲವನ್ನೂ ಇಳಿಸಿಕೊಳ್ಳಬಹುದು, ನೌಕರರಿಗೆ ತಿಳಿಸಬೇಕಾಗಿಲ್ಲ. ಅಂದರೆ ಸಹೋದ್ಯೋಗಿ ಬರೀ ಒಂದು ಹೆಬ್ಬೆರಳಿನ ಇಮೋಜಿಯನ್ನು ಮೆಸೇಜಾಗಿ ಕಳಿಸಿದರೂ ನಿಮ್ಮ ಫೋನ್ 'ಟಿಂಗ್' ಅನ್ನುತ್ತೆ. ನಿಮ್ಮ ಮೂರು ವರ್ಷದ ಖಾಸಗಿ ಮಾತನ್ನು ಯಾರೋ ಇಳಿಸಿಕೊಂಡರೆ ಅನ್ನಲ್ಲ. ನನ್ನ ಪ್ರಕಾರ ಈ ಸಾಫ್ಟ್‌ವೇರ್‌ಗಳ ರಾಜಕೀಯ ಪೂರ್ತಿ ಇಲ್ಲಿದೆ.

ದಾಖಲೆಯ ಬೆಲೆ ದೊಡ್ಡವರಿಗೆ ಚೆನ್ನಾಗೇ ಗೊತ್ತು. ಗೂಗಲ್ ವಿರುದ್ಧ ಅಮೆರಿಕದಲ್ಲಿ ನಡೆದ ಏಕಸ್ವಾಮ್ಯದ ಮೊಕದ್ದಮೆಗಳಲ್ಲಿ ಹೊರಬಂದ ಸಂಗತಿಗಳಲ್ಲಿ ಇದೂ ಒಂದು: ಅವರ ಒಳಗಿನ ಚಾಟ್‌ಗಳು ಡೀಫಾಲ್ಟ್ ಆಗಿ 24 ಗಂಟೆಗೆ ಅಳಿಸಿಹೋಗ್ತಿದ್ವು. ನ್ಯಾಯಾಧೀಶರು ಕಟುವಾಗಿ ಟೀಕಿಸಿದರು. ಏನು ಉಳೀಬೇಕು, ಏನು ಹೋಗಬೇಕು ಅಂತ ತೀರ್ಮಾನಿಸೋ ಅಧಿಕಾರ ಎಂಥದ್ದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕರ್ನಾಟಕಕ್ಕೆ ಬನ್ನಿ. ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಓವರ್‌ಟೈಮ್ ಸೇರಿಸಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ ಒಟ್ಟು 50 ಗಂಟೆ ಓವರ್‌ಟೈಮ್, ಅದಕ್ಕೆ ದುಪ್ಪಟ್ಟು ಕೂಲಿ. 2025ರ ಜೂನ್‌ನಲ್ಲಿ ಸರ್ಕಾರ ಇದನ್ನು ಹಿಗ್ಗಿಸುವ ಪ್ರಸ್ತಾವ ಮುಂದಿಟ್ಟಿತು: 9 ಇದ್ದದ್ದು 10, ಓವರ್‌ಟೈಮ್ ಸೇರಿ 12, ಮೂರು ತಿಂಗಳ ಓವರ್‌ಟೈಮ್ 50ರಿಂದ 144. ಅದರ ಹಿಂದಿನ ವರ್ಷ ಐಟಿಯವರಿಗೆ 14 ಗಂಟೆಯ ಪ್ರಸ್ತಾವ ಬಂದಿತ್ತು. ಐಟಿ ನೌಕರರ ಸಂಘ ಕೆಐಟಿಯು ಎರಡನ್ನೂ ವಿರೋಧಿಸಿತು. ಸರಿಯಾಗೇ ಮಾಡಿತು.

ಆದರೆ ಈ ಚರ್ಚೆ ಪೂರ್ತಿ ಗಂಟೆ ಎಷ್ಟು ಅನ್ನೋದರ ಸುತ್ತ ನಡೀತು. ಎಣಿಸೋದು ಯಾರು ಅಂತ ಯಾರೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ಪಂಚಿಂಗ್ ಕಾರ್ಡ್ ಇತ್ತು, ಗೇಟಿನಲ್ಲಿ ಸೈರನ್ ಇತ್ತು, ಕಾರ್ಮಿಕನಿಗೂ ಅದು ಕೇಳಿಸ್ತಿತ್ತು. ಬೆಂಗಳೂರಿನ ಅತ್ಯಂತ ನಿಖರವಾದ ಓವರ್‌ಟೈಮ್ ರಿಜಿಸ್ಟರ್ ಇವತ್ತು ಇರೋದು ಸ್ಲ್ಯಾಕ್‌ನಲ್ಲಿ, ಟೀಮ್ಸ್‌ನಲ್ಲಿ. ಟೈಮ್‌ಶೀಟ್ ಒಂಬತ್ತು ಗಂಟೆ ಅನ್ನುತ್ತೆ, ಚಾಟ್ ರಾತ್ರಿ 11:40 ಅನ್ನುತ್ತೆ. ಒಂದೊಂದು ಮೆಸೇಜಿಗೂ ನಿಮಿಷದ ಮುದ್ರೆ ಇದೆ. ಯಾರು ಎಷ್ಟು ಮೆಸೇಜು ಕಳಿಸಿದರು, ಎಷ್ಟು ದಿನ ಸಕ್ರಿಯವಾಗಿದ್ದರು ಅನ್ನೋ ವರದಿ ಅಡ್ಮಿನ್‌ಗೆ ಒಂದು ಕ್ಲಿಕ್ಕಿನಲ್ಲಿ ಸಿಗುತ್ತೆ. ದುಡಿದವನಿಗೆ ಸಿಗಲ್ಲ. ಕೆಲಸ ಹೋದ ಮೇಲಂತೂ ಕೇಳೋ ಹಾಗೇ ಇಲ್ಲ.

ಕಾನೂನು ಸಹಾಯ ಮಾಡುತ್ತಾ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕೆ ನೌಕರರ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಬಿಡುತ್ತೆ. 'ನನ್ನ ಬಗ್ಗೆ ಏನಿಟ್ಟಿದ್ದೀರಿ ಕೊಡಿ' ಅಂತ ಕೇಳುವ ಹಕ್ಕು 11ನೇ ಸೆಕ್ಷನ್‌ನಲ್ಲಿದೆ. ಆದರೆ ಅದು ಒಪ್ಪಿಗೆಯ ಮೇಲೆ, ಅಥವಾ ನಾವೇ ಸ್ವಇಚ್ಛೆಯಿಂದ ಕೊಟ್ಟು ಪಡೆದ ಮಾಹಿತಿಗೆ. ಎರಡನ್ನೂ ಒಟ್ಟಿಗೆ ಓದಿ ನೋಡಿ. ಒಪ್ಪಿಗೆಯನ್ನೇ ಕೇಳದ ಕಡೆ ಹಕ್ಕೂ ಇಲ್ಲ. ಯುರೋಪಿನ ಜಿಡಿಪಿಆರ್‌ನಲ್ಲಿ ಹೀಗಿಲ್ಲ. ಅಲ್ಲಿ ನೌಕರರು ತಮ್ಮ ಕಂಪನಿಗೇ ಅರ್ಜಿ ಹಾಕಿ ತಮ್ಮ ಬಗೆಗಿನ ಮಾಹಿತಿ ಕೇಳಬಹುದು. ಇನ್ನು ಸ್ಕ್ರೀನ್‌ಶಾಟ್ ಇದೆಯಲ್ಲ ಅಂತೀರಾ? ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತೆ. ಕಂಪನಿಯ ಫೈಲುಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳೋ ಕೆಲಸಕ್ಕಂತೂ ಹೋಗಬೇಡಿ, ಕೆಲಸದಿಂದ ತೆಗೆಯೋಕೆ ಅದೇ ಕಾರಣ ಆಗಬಹುದು.

2025ರ ಡಿಸೆಂಬರ್‌ನಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ 'ರೈಟ್ ಟು ಡಿಸ್ಕನೆಕ್ಟ್' ಮಸೂದೆಯನ್ನು ಮತ್ತೆ ಮಂಡಿಸಿದರು. ಖಾಸಗಿ ಸದಸ್ಯರ ಮಸೂದೆ ಅದು. ಅಂಥದ್ದು ಸಂಸತ್ತಿನಲ್ಲಿ ಕೊನೇ ಬಾರಿ ಪಾಸಾಗಿದ್ದು 1970ರಲ್ಲಿ. ಪಾಸಾಗಲಿ ಅಂತ ನಾನೂ ಹಾರೈಸ್ತೀನಿ, ಆದರೆ ಫೋನ್ ಎತ್ತದೇ ಇರುವ ಹಕ್ಕು ಅರ್ಧ ಹಕ್ಕು. ಎತ್ತಿದ್ದಕ್ಕೆ ಲೆಕ್ಕ ಕೇಳುವ ಹಕ್ಕು ಇನ್ನರ್ಧ. ಸಂಘಗಳು ಕೇಳಬೇಕಾದ್ದು ಬಹಳ ಸಣ್ಣದು: ಮೆಸೇಜಿನ ಒಳಗಿನ ಮಾತು ಬೇಡ, ಫೈಲು ಬೇಡ, ಕ್ಲೈಂಟ್ ಹೆಸರೂ ಬೇಡ. ನಾನು ಯಾವ ದಿನ ಎಷ್ಟು ಗಂಟೆಗೆ ಕೆಲಸದಲ್ಲಿದ್ದೆ ಅನ್ನೋ ಸಮಯದ ಪಟ್ಟಿ ಮಾತ್ರ, ತಿಂಗಳಿಗೊಮ್ಮೆ ಸಂಬಳದ ಚೀಟಿ ಜೊತೆ. ಸಮಯವನ್ನು ಮಾತಿನಿಂದ ಬೇರ್ಪಡಿಸೋದು ಎರಡನೇ ವರ್ಷದ ಎಂಜಿನಿಯರಿಂಗ್ ಹುಡುಗ ಬರೆಯಬಹುದಾದ ಕೋಡು. ಗ್ರಾಹಕರ ಗುಟ್ಟು ಹೋಗುತ್ತೆ ಅನ್ನೋ ವಾದ ಇಲ್ಲಿ ನಿಲ್ಲಲ್ಲ.

ಕೇಳಿದರೆ ಕೊಡ್ತಾರಾ ಅಂತ ನಗಬೇಡಿ. 2020ರಲ್ಲಿ ಮೈಕ್ರೋಸಾಫ್ಟ್ 'ಪ್ರೊಡಕ್ಟಿವಿಟಿ ಸ್ಕೋರ್' ಅನ್ನೋದನ್ನು ತಂದಿತ್ತು, ಯಾವ ನೌಕರ ಎಷ್ಟು ಮೇಲ್, ಎಷ್ಟು ಚಾಟ್ ಮಾಡಿದ ಅಂತ ಹೆಸರು ಸಮೇತ ಮ್ಯಾನೇಜರ್‌ಗಳಿಗೆ ತೋರಿಸೋದು. ಆಸ್ಟ್ರಿಯಾದ ಸಂಶೋಧಕ ವೋಲ್ಫಿ ಕ್ರಿಸ್ಟ್ಲ್ ಮತ್ತಿತರರು ಗಲಾಟೆ ಎಬ್ಬಿಸಿದರು. ಡಿಸೆಂಬರ್ ಶುರುವಾಗೋ ಹೊತ್ತಿಗೆ ಕಂಪನಿ ಹೆಸರು ತೋರಿಸೋದನ್ನು ಕೈಬಿಟ್ಟಿತು.

ನನ್ನ ಗೆಳೆಯನ ಕಥೆ ಇನ್ನೂ ಮುಗಿದಿಲ್ಲ. ಏನಾದರೂ ದಾಖಲೆ ಹುಡುಕಿ ತನ್ನಿ ಅಂತ ವಕೀಲರು ಹೇಳಿದ್ದರು. ಹುಡುಕಿದ್ದು ಅವನ ಹೆಂಡತಿ, ಸಿಕ್ಕಿದ್ದು ಅವಳದೇ ವಾಟ್ಸ್‌ಆ್ಯಪ್‌ನಲ್ಲಿ. ಎರಡು ವರ್ಷ ಹೆಚ್ಚುಕಡಿಮೆ ದಿನಾ ರಾತ್ರಿ ಪಕ್ಕದ ರೂಮಿನಿಂದ ಅವನು ಕಳಿಸಿದ ಸಾಲುಗಳು: 'ಕಾಲ್ ಇನ್ನೂ ಮುಗಿದಿಲ್ಲ, ನೀನು ಊಟ ಮಾಡಿಬಿಡು.' ತಾರೀಖು, ಸಮಯ ಎಲ್ಲಾ ಇದೆ. ಎರಡು ಭಾನುವಾರ ಇಬ್ಬರೂ ಕೂತು ಅವನ್ನೆಲ್ಲ ಎಕ್ಸೆಲ್‌ಗೆ ಇಳಿಸಿದ್ದಾರೆ. ಮುಂದಿನ ವಾರ ಅದನ್ನು ಹಿಡ್ಕೊಂಡು ವಕೀಲರ ಹತ್ರ ಹೋಗ್ತಾರೆ.